ಸೇತುವೆಯ ಮೇಲೆ ಅರವತ್ತೆರಡು ಹೆಜ್ಜೆ

ಫೆಬ್ರವರಿ 3, ಸೋಮವಾರ. ಹೆಜ್ಜೆ: 60

ಈ ಡೈರಿ ನನ್ನದಲ್ಲ. ಅಕ್ಕನ ಮಂಡಿಗೆ ವ್ಯಾಯಾಮ ಹೇಳಿಕೊಡಲು ಬರುವ ಹುಡುಗಿ ಇದನ್ನು ಅಕ್ಕನ ಕೈಗೆ ಕೊಟ್ಟು, "ದಿನಾ ಎಷ್ಟು ಹೆಜ್ಜೆ ನಡೆದ್ರಿ ಅಂತ ಇದ್ರಲ್ಲಿ ಬರೀರಿ ಆಂಟಿ" ಎಂದಳು. ಅವಳು ಗೇಟು ದಾಟುವ ಮೊದಲೇ ಅಕ್ಕ ಅದನ್ನು ನನ್ನ ಕಡೆ ಎಸೆದಳು. "ಎಣಿಸೋಕೆ ಅಂತಾನೇ ನಿನಗೆ ಸಂಬಳ ಕೊಡ್ತಾರೆ. ನೀನೇ ಬರಿ. ನನಗೆ ನಡೆಯೋದೇ ಸಾಕಾಗಿದೆ."

ಮಾತು ಸರಿ. ಇಪ್ಪತ್ತೆರಡು ವರ್ಷದಿಂದ ನಗರಸಭೆಯ ರಸ್ತೆ ವಿಭಾಗದಲ್ಲಿ ನನ್ನ ಕೆಲಸ ಎಣಿಸುವುದು. ಊರಿನಲ್ಲಿ ಯಾರಾದರೂ ದೊಡ್ಡ ಕಟ್ಟಡ ಎಬ್ಬಿಸುವುದಾದರೆ ಅದರಿಂದ ಹತ್ತಿರದ ರಸ್ತೆಗಳಿಗೆ ಎಷ್ಟು ವಾಹನ ಹೆಚ್ಚುತ್ತದೆಂದು ನೋಡಿ, ಕಟ್ಟುವವರಿಂದ ರಸ್ತೆ ಶುಲ್ಕ ತೆಗೆದುಕೊಳ್ಳುತ್ತೇವೆ. ಆ ಹಣದಲ್ಲಿ ರಸ್ತೆ, ಸಿಗ್ನಲ್ಲು, ಸೇತುವೆ ಆಗಬೇಕು. ಆಗಬೇಕು ಎಂದಷ್ಟೇ ಬರೆದು ಮುಂದೆ ಹೋಗುತ್ತೇನೆ.

ಅಕ್ಕ ರೈಲು ನಿಲ್ದಾಣದ ಟಿಕೆಟ್ ಕೌಂಟರಿನವಳು. ಅಕ್ಟೋಬರಿನಲ್ಲಿ ಕೆಲಸಕ್ಕೆ ಹೋಗುವಾಗ ಕಾಲುವೆ ಸೇತುವೆಯ ಮೇಲೆ ಹಾಲಿನ ವ್ಯಾನಿನ ಕನ್ನಡಿ ಭುಜಕ್ಕೆ ಬಡಿದು ಬಿದ್ದಳು. ಮಂಡಿ ಚಿಪ್ಪು ಎರಡು ಹೋಳಾಯಿತು. ಅವಳ ರಜೆ ಮಾರ್ಚ್ ಹದಿನಾರಕ್ಕೆ ಮುಗಿಯುತ್ತದೆ. ಹದಿನೇಳಕ್ಕೆ ಹೋಗಿ ಕೂರದಿದ್ದರೆ ನಿವೃತ್ತಿ ಕೊಟ್ಟು ಕಳಿಸುತ್ತೇವೆ ಎಂದು ಪತ್ರ ಬಂದಿದೆ. ನನ್ನ ಸ್ಕೂಟರಿನ ಹಿಂದೆ ಮಂಡಿ ಮಡಚಿ ಕೂರುವಂತಿಲ್ಲ, ಅಷ್ಟು ಹತ್ತಿರಕ್ಕೆ ಯಾವ ಆಟೋದವನೂ ಬರುವುದಿಲ್ಲ. ನಡೆದೇ ಹೋಗಬೇಕು. ಇವತ್ತು ಮಂಚದಿಂದ ಗೇಟಿಗೆ, ಗೇಟಿನಿಂದ ಮಂಚಕ್ಕೆ. ಅರವತ್ತು.

ಫೆಬ್ರವರಿ 6, ಗುರುವಾರ. ಹೆಜ್ಜೆ: 130

ಗೇಟು ದಾಟಿ ಇಸ್ತ್ರಿ ಅಂಗಡಿಯವರೆಗೆ ಹೋದೆವು. ಇಸ್ತ್ರಿಯವನು, "ಬನ್ನಿ ಬನ್ನಿ, ನಿಮ್ಮನ್ನ ನೋಡಿ ನಾಲ್ಕು ತಿಂಗಳಾಯ್ತು" ಎಂದು ಅಕ್ಕನಿಗೆ ಸ್ಟೂಲು ಕೊಟ್ಟ. ನನ್ನನ್ನು ನೋಡಿ, "ಇವರು?" ಎಂದು ಕೇಳಿದ. ಹದಿನೈದು ವರ್ಷದಿಂದ ಅವನ ಮುಂದೆಯೇ ಸ್ಕೂಟರಿನಲ್ಲಿ ಹೋಗುತ್ತಿದ್ದೇನೆ.

"ತಮ್ಮ," ಎಂದಳು ಅಕ್ಕ. "ಹೆಲ್ಮೆಟ್ ಹಾಕಿದ್ರೆ ಗುರುತು ಸಿಗುತ್ತೆ ನಿನಗೆ."

ನಾವಿಬ್ಬರೂ ಮದುವೆಯಾಗಲಿಲ್ಲ. ಅವಳಿಗೆ ಬೇಡವಾಗಿತ್ತು, ನನ್ನನ್ನು ಯಾರೂ ಕೇಳಲಿಲ್ಲ. ಒಂದು ಕುಕ್ಕರಿನಲ್ಲಿ ಇಬ್ಬರ ಸಂಸಾರ ನಡೆಯುತ್ತಿದೆ. ಜಗಳಕ್ಕೆ ಮಾತ್ರ ಯಾವತ್ತೂ ಬರ ಬಂದಿಲ್ಲ.

ಫೆಬ್ರವರಿ 11, ಮಂಗಳವಾರ. ಹೆಜ್ಜೆ: 240

ಮೂರು ದಿನದ ಎಣಿಕೆ ಶುರು. ಹಳೇ ಬಿಸ್ಕತ್ತು ಕಾರ್ಖಾನೆಯ ಜಾಗದಲ್ಲಿ ಇನ್ನೂರ ನಲವತ್ತು ಮನೆಗಳ ಕಟ್ಟಡ ಬರುತ್ತದಂತೆ. ಕಾಲುವೆ ಸೇತುವೆಯ ಪಕ್ಕದ ನಾಲ್ಕು ರಸ್ತೆಯ ಕೂಟದಲ್ಲಿ, ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ನಾಲ್ಕರಿಂದ ಆರು. ನನ್ನ ಮಡಚುವ ಸ್ಟೂಲು, ಹಲಗೆಗೆ ಸಿಕ್ಕಿಸಿದ ನಮೂನೆ, ಎರಡು ಪೆನ್ಸಿಲ್. ಲಾರಿ, ಬಸ್ಸು, ಕಾರು, ಆಟೋ, ಬೈಕು, ಸೈಕಲ್ಲು, ಒಂದೊಂದಕ್ಕೆ ಒಂದೊಂದು ಅಂಕಣ. ನಾಲ್ಕು ಗೆರೆ, ಅಡ್ಡಕ್ಕೊಂದು ಗೆರೆ, ಐದು. ಈಗಿನವರು ಕ್ಯಾಮೆರಾ ಇಡಿ ಎನ್ನುತ್ತಾರೆ. ಕ್ಯಾಮೆರಾದ ಮೇಲೆ ನೊಣ ಕೂತರೂ ಅದಕ್ಕೆ ಲಾರಿಯೇ.

ಸ್ಟೂಲು ಹಾಕುವ ಜಾಗ ನನ್ನದೇ. ಔಷಧಿ ಅಂಗಡಿಯ ಮೂಲೆ, ಸೇತುವೆಗೆ ಬೆನ್ನು, ಕೂಟಕ್ಕೆ ಮುಖ. ನಾಲ್ಕೂ ರಸ್ತೆ ಕಣ್ಣಿಗೆ ಬೀಳುತ್ತವೆ. ಇಷ್ಟು ವರ್ಷದಲ್ಲಿ ಒಂದು ಬೈಕನ್ನೂ ಬಿಟ್ಟವನಲ್ಲ ನಾನು. ಏಪ್ರಿಲಿನಲ್ಲಿ ಬಡ್ತಿ ಪಟ್ಟಿ ಬರುತ್ತದೆ. ನನ್ನ ಸೇವಾ ಪುಸ್ತಕದಲ್ಲಿ ಒಂದೂ ಕಪ್ಪು ಚುಕ್ಕೆ ಇಲ್ಲ.

ಫೆಬ್ರವರಿ 19, ಬುಧವಾರ. ಹೆಜ್ಜೆ: 410

ಬಿಲ್ಡರ್ ತನ್ನ ಕಡೆಯಿಂದ ವರದಿ ಕೊಟ್ಟಿದ್ದಾನೆ. ನುಣುಪು ಕಾಗದ, ಬಣ್ಣದ ಚಿತ್ರ, ಚಿತ್ರದಲ್ಲಿ ನಗುತ್ತಾ ನಡೆಯುವ ಜನ. ಸಾರಾಂಶ ಇಷ್ಟು: ರೈಲು ನಿಲ್ದಾಣ ಹತ್ತಿರ ಇರುವುದರಿಂದ ಹತ್ತು ಜನರಲ್ಲಿ ಆರು ಜನ ನಡೆದು ಹೋಗುತ್ತಾರೆ, ವಾಹನ ಕಡಿಮೆ, ಆದ್ದರಿಂದ ಶುಲ್ಕದಲ್ಲಿ ಅರ್ಧ ರಿಯಾಯಿತಿ ಬೇಕು. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ.

ಸಾಹೇಬರು ಓದಿ ತಲೆದೂಗಿದರು. "ಚೆನ್ನಾಗಿದೆ ಕಣ್ರೀ. ಶಿಫಾರಸು ಬರೆದುಬಿಡಿ. ಮಾರ್ಚ್ ಏಳಕ್ಕೆ ಸಭೆ."

ನಿಯಮ ಇದ್ದ ಮೇಲೆ ನನ್ನದೇನು? ನಾಳೆ ಬರೆದರಾಯಿತು.

ಫೆಬ್ರವರಿ 23, ಭಾನುವಾರ. ಹೆಜ್ಜೆ: 1080

ಮೊದಲ ಸಲ ಸೇತುವೆಯವರೆಗೆ ಹೋದೆವು. ಮನೆಯಿಂದ ಐನೂರ ನಲವತ್ತು. ದಾರಿಯುದ್ದಕ್ಕೂ ಅಕ್ಕ ಊರುಗೋಲು ಬೀಸುತ್ತಾ ಅವರಿವರನ್ನು ಮಾತಾಡಿಸುತ್ತಾ ಬಂದಳು. ಸೇತುವೆ ಶುರುವಾಗುವಲ್ಲಿ ನಿಂತಳು.

ಸ್ಕೂಟರಿನ ಮೇಲಿಂದ ಆ ಸೇತುವೆ ಕಣ್ಣಿಗೇ ಬೀಳುವುದಿಲ್ಲ, ಉಸಿರೆಳೆಯುವಷ್ಟರಲ್ಲಿ ದಾಟಿರುತ್ತೇವೆ. ನಿಂತು ನೋಡಿದರೆ ಎರಡು ಕಾರು ಕನ್ನಡಿ ಮಡಚಿಕೊಂಡು ಹಾಯುವಷ್ಟು ಅಗಲ. ಬದಿಯಲ್ಲಿ ಮೊಣಕಾಲೆತ್ತರದ ಗೋಡೆ, ಗೋಡೆಗೂ ಟಾರಿಗೂ ನಡುವೆ ಒಂದು ಅಂಗೈ ಜಾಗ. ಆಚೆ ಕಾಲುವೆ.

"ನಡಿ ಅಕ್ಕ, ನಾನಿದ್ದೀನಲ್ಲ."

"ಇವತ್ತಿಗೆ ಸಾಕು."

"ಇನ್ನು ಸ್ವಲ್ಪವೇ..."

"ಸಾಕು ಅಂದ್ನಲ್ಲ."

ಅಕ್ಕ ಹೆದರಿದ್ದನ್ನು ನಾನು ನೋಡಿದ್ದೇ ಇಲ್ಲ. ಅಪ್ಪ ಹೋದಾಗಲೂ ಅವಳು ಅಡುಗೆ ಮಾಡಿಟ್ಟು ಆಮೇಲೆ ಅತ್ತವಳು. ಅವಳನ್ನು ಔಷಧಿ ಅಂಗಡಿಯ ಮುಂದೆ ಕೂರಿಸಿ, ಸುಮ್ಮನಿರಲಾರದೆ ನಾನೊಬ್ಬನೇ ಸೇತುವೆ ದಾಟಿ ಬಂದೆ. ಅವಳ ಅಳತೆಯ ಚಿಕ್ಕ ಹೆಜ್ಜೆಯಲ್ಲಿ ಅರವತ್ತೆರಡು. ನಲವತ್ತನೆಯದರಲ್ಲಿ ಒಂದು ಕಾರಿನ ಕನ್ನಡಿ ತೋಳನ್ನು ಸವರಿಕೊಂಡು ಹೋಯಿತು.

ಫೆಬ್ರವರಿ 24, ಸೋಮವಾರ. ಹೆಜ್ಜೆ: 1080. ಸೇತುವೆ ಇಲ್ಲ

ಬೆಳಿಗ್ಗೆ ಕಾಫಿ ಕುಡಿಯುವಾಗ ಬಿಲ್ಡರಿನ ವರದಿಯ ಮಾತು ತೆಗೆದೆ. ಹತ್ತರಲ್ಲಿ ಆರು ಜನ ನಡೆಯುತ್ತಾರಂತೆ ಎಂದೆ. ಅಕ್ಕ ನಕ್ಕ ರಭಸಕ್ಕೆ ಕಾಫಿ ನೆತ್ತಿಗೇರಿತು.

"ಸೇತುವೆ ಈಚೆ ಆ ನೀಲಿ ಕಟ್ಟಡ ಬಂದಾಗಲೂ ಹೀಗೇ ಅಂದಿದ್ರು. ನೂರ ಎಂಬತ್ತು ಮನೆ. ಅಲ್ಲಿಂದ ತಿಂಗಳ ಪಾಸು ಮಾಡಿಸಿಕೊಂಡೋರು ಎಷ್ಟು ಜನ ಹೇಳ್ಲಾ? ಹನ್ನೊಂದು."

"ಹನ್ನೊಂದೇ?"

"ಪಾಸಿನ ಅರ್ಜಿಲಿ ವಿಳಾಸ ಬರೀಬೇಕಲ್ಲಪ್ಪ, ನನ್ನ ಕೈ ದಾಟೇ ಹೋಗುತ್ತೆ. ಮೊದಲನೇ ತಿಂಗಳು ತೊಂಬತ್ತು ಜನ ಬಂದ್ರು. ಸೇತುವೆ ಮೇಲೆ ನಾಲ್ಕು ದಿನ ಜೀವ ಕೈಲಿ ಹಿಡ್ಕೊಂಡು ಓಡಾಡಿದ್ರು. ಆಮೇಲೆ ಒಬ್ಬೊಬ್ಬರೇ ಬೈಕ್ ತಗೊಂಡ್ರು. ಈಗ ಆ ಬೈಕ್‌ಗಳನ್ನ ನೀನು ಎಣಿಸ್ತಿದೀಯ."

ನೀಲಿ ಕಟ್ಟಡದ ಫೈಲು ಯಾರು ನೋಡಿದ್ದು ಎಂದು ನೆನಪಾಗಲಿಲ್ಲ. ಆರು ವರ್ಷದ ಹಿಂದಿನದು.

ಫೆಬ್ರವರಿ 26, ಬುಧವಾರ

ನಾನೇ ನೋಡಿದ್ದು.

ದಾಖಲೆ ಕೋಣೆಯಲ್ಲಿ ಫೈಲು ಸಿಕ್ಕಿತು. ಯಾರೋ ಒಬ್ಬ ಕಿರಿಯ ಇಂಜಿನಿಯರು ಸೇತುವೆಯ ಪಕ್ಕಕ್ಕೆ ಕಬ್ಬಿಣದ ನಡೆಹಾದಿ ಜೋಡಿಸಬಹುದೆಂದು ನಕ್ಷೆ ಬರೆದಿಟ್ಟಿದ್ದಾನೆ. ಚೊಕ್ಕ ನಕ್ಷೆ. ಅದರ ಕೆಳಗೆ ನನ್ನ ಅಕ್ಷರ: "ಎಣಿಕೆಯಲ್ಲಿ ಪಾದಚಾರಿಗಳು ಕಂಡುಬಂದಿರುವುದಿಲ್ಲ. ನಡೆಹಾದಿ ಅಗತ್ಯವಿರುವುದಿಲ್ಲ." ಮುಂದಿನ ಪುಟದಲ್ಲಿ ಮತ್ತೆ ನಾನೇ: "ನಿವಾಸಿಗಳಲ್ಲಿ ಹೆಚ್ಚಿನವರು ನಡೆದು ಹೋಗುವರಾದ್ದರಿಂದ ಶುಲ್ಕದಲ್ಲಿ ಅರ್ಧ ರಿಯಾಯಿತಿ ನೀಡಬಹುದು." ಎರಡರ ಕೆಳಗೂ ನನ್ನದೇ ಸಹಿ, ಒಂದೇ ದಿನ, ಒಂದೇ ಪೆನ್ನು.

ನಡೆಯುವವರು ಎಲ್ಲಿಂದ ಕಂಡುಬರಬೇಕು? ನಮೂನೆಯಲ್ಲಿ ಅವರಿಗೆ ಅಂಕಣವೇ ಇಲ್ಲ. ಅವರು ಹೋಗುವ ಸೇತುವೆಗೆ ನಾನು ಬೆನ್ನು ಹಾಕಿ ಕೂತಿದ್ದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ, ಇಲ್ಲಿ ದೀಪವೂ ಇರಲಿಲ್ಲ.

ಫೆಬ್ರವರಿ 27, ಗುರುವಾರ. ಹೆಜ್ಜೆ: 1080

ಯಾಕೆ ಮುಖ ಹೀಗಿದೆ ಎಂದು ಅಕ್ಕ ಕೇಳಿದಳು. ತಲೆನೋವು ಎಂದೆ. ಮಾತ್ರೆ ಕೊಟ್ಟಳು, ನುಂಗಿದೆ.

ಫೆಬ್ರವರಿ 28, ಶುಕ್ರವಾರ

ಯಾರೂ ಹೇಳದೆ ಬೆಳಿಗ್ಗೆ ಏಳಕ್ಕೆ ಹೋಗಿ ಸ್ಟೂಲು ಹಾಕಿದೆ. ಅದೇ ಮೂಲೆ, ಮುಖ ಸೇತುವೆಯ ಕಡೆ. ನಮೂನೆಯ ಅಂಚಿನಲ್ಲಿ ಸ್ಕೇಲಿಟ್ಟು ಒಂದು ಅಂಕಣ ಎಳೆದುಕೊಂಡೆ.

ರಾತ್ರಿ ಪಾಳಿ ಮುಗಿಸಿದ ನರ್ಸು ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಾಳೆ, ಚಪ್ಪಲಿ ಜಾರುತ್ತದೆ ಎಂದು. ಮೂವರು ಹೆಂಗಸರು ಒಬ್ಬರ ಹಿಂದೊಬ್ಬರು ಸೆರಗು ಹಿಡಿದು ಹೋಗುತ್ತಾರೆ. ಕನ್ನಡಕದ ಮುದುಕನೊಬ್ಬ ಬಸ್ಸು ಬಂದಾಗಲೆಲ್ಲ ಗೋಡೆಯ ಮೇಲೆ ಕೂತುಬಿಡುತ್ತಾನೆ, ಬಸ್ಸು ಹೋದ ಮೇಲೆ ಏಳುತ್ತಾನೆ. ಅಷ್ಟು ಸಣ್ಣ ಸೇತುವೆಯ ಮೇಲೆ ನಾಲ್ಕು ಸಲ ಕೂತೆದ್ದ.

ಒಂಬತ್ತು ಗಂಟೆಗೆ ಇನ್ನೂರ ಹದಿನಾಲ್ಕು. ಅಕ್ಕ ಕೆಲಸಕ್ಕೆ ಹೋಗುತ್ತಿದ್ದರೆ ಇನ್ನೂರ ಹದಿನೈದು. ಬೈಕು ಎಷ್ಟು ಹೋದವೋ ನೋಡಲಿಲ್ಲ.

ಮಾರ್ಚ್ 4, ಮಂಗಳವಾರ. ಹೆಜ್ಜೆ: ಕೇಳಲು ಮರೆತೆ

ಶಿಫಾರಸು ಬರೆದು ಸಾಹೇಬರ ಮುಂದೆ ಇಟ್ಟೆ. ಬಿಲ್ಡರಿನ ವರದಿಯ ಒಂದಕ್ಷರವನ್ನೂ ನಾನು ಅಲ್ಲಗಳೆದಿಲ್ಲ. ಹತ್ತರಲ್ಲಿ ಆರು ಜನ ನಡೆಯುತ್ತಾರೆಯೇ, ಸಂತೋಷ, ಅರ್ಧ ರಿಯಾಯಿತಿ ಕೊಡೋಣ. ಆದರೆ ಉಳಿದ ಅರ್ಧ ಶುಲ್ಕದಲ್ಲಿ ಮೊದಲು ಸೇತುವೆಗೆ ನಡೆಹಾದಿ ಆಗಬೇಕು. ಅದು ಮುಗಿಯುವವರೆಗೆ ಹೊಸ ಕಟ್ಟಡದಲ್ಲಿ ಒಂದು ಮನೆಯವರೂ ಒಲೆ ಹಚ್ಚುವಂತಿಲ್ಲ.

ಸಾಹೇಬರು ಕನ್ನಡಕ ತೆಗೆದರು. "ಚೆನ್ನಾಗೇ ಸಿಕ್ಕಿಸಿದೀರಿ ಅವನನ್ನ. ಆದ್ರೆ ಅವನು ನೀಲಿ ಕಟ್ಟಡದ ಫೈಲ್ ತೆಗೀತಾನೆ. ಅದರಲ್ಲಿ ಯಾರ ಸಹಿ ಇದೆ ಗೊತ್ತಾ?"

"ಗೊತ್ತು ಸರ್."

"ಬಡ್ತಿ ಪಟ್ಟಿ ಏಪ್ರಿಲ್‌ಗೆ ರೀ. ಸುಮ್ನೆ ಇರಲಾರದೆ ಇರುವೆ ಬಿಟ್ಕೋತೀರಲ್ಲ."

ನಾನು ಕಾಗದವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವರೂ ವಾಪಸು ಕೊಡಲಿಲ್ಲ. ಮನೆಗೆ ನಡೆದು ಬಂದೆ. ಬಡ್ತಿಗಿಂತ ಅಕ್ಕನಿಗೆ ಹೇಳುವುದೇ ಕಷ್ಟ. ಊಟ ಬಡಿಸುವಾಗ ಹೇಳೋಣ ಎಂದುಕೊಂಡೆ, ಊಟವಾದ ಮೇಲೆ ಎಂದುಕೊಂಡೆ. ಕೊನೆಗೆ ಶುಕ್ರವಾರ ಬಿಸ್ಕತ್ತು ಕಾರ್ಖಾನೆ ಜಾಗದ ಸಭೆ ಎಂದಷ್ಟೇ ಹೇಳಿದೆ. ಅವಳು ಮಲಗಿದಳು.

ಮಾರ್ಚ್ 7, ಶುಕ್ರವಾರ

ಸಭೆ ಹನ್ನೊಂದಕ್ಕೆ. ಅಧ್ಯಕ್ಷೆ, ಆರು ಸದಸ್ಯರು, ಸಾಹೇಬರು, ನಾನು. ಹಿಂದೆ ಸಾರ್ವಜನಿಕರ ಬೆಂಚುಗಳು. ಬಿಲ್ಡರ್ ಗತ್ತಿನ ಮನುಷ್ಯನೆಂದುಕೊಂಡಿದ್ದೆ. ಬಂದದ್ದು ಶೀತವಾಗಿ ಮೂಗು ಒರೆಸಿಕೊಳ್ಳುವ ಸಣ್ಣ ಆಸಾಮಿ.

"ನಾನು ಕೊಡಲ್ಲ ಅಂತಿಲ್ಲ ಮೇಡಂ. ಇಪ್ಪತ್ತು ವರ್ಷದಿಂದ ಶುಲ್ಕ ಕಟ್ತಾನೇ ಇದೀನಿ. ಆ ದುಡ್ಡಲ್ಲಿ ಆದ ರಸ್ತೆ ಯಾವುದು ಅಂತ ಒಂದು ಸಲ ತೋರಿಸಿಬಿಡಿ, ಸಾಕು. ನೀಲಿ ಕಟ್ಟಡದವರು ಕಟ್ಟಿದ ಶುಲ್ಕದಲ್ಲಿ ಊರಾಚೆ ಸರ್ಕಲ್ಲಿಗೆ ಕಾರಂಜಿ ಬಂತು. ಅದೂ ಈಗ ನಿಂತಿದೆ."

ಸದಸ್ಯರು ನಕ್ಕರು. ನನಗೆ ನಗು ಬರಲಿಲ್ಲ, ಅವನು ಹೇಳಿದ್ದು ನಿಜ.

"ಮತ್ತೆ ಅವರಿಗೆ ಯಾವ ಷರತ್ತೂ ಇಲ್ಲದೆ ರಿಯಾಯಿತಿ ಕೊಟ್ರಿ. ನನಗೆ ಮಾತ್ರ ಯಾಕೆ ಷರತ್ತು?"

ಅಧ್ಯಕ್ಷೆ ಸಾಹೇಬರ ಕಡೆ ತಿರುಗಿದರು. "ಕೇಳೋದು ನ್ಯಾಯವಾಗೇ ಇದೆ. ಆವಾಗ ಯಾಕೆ ಹಾಕ್ಲಿಲ್ಲ? ಶಿಫಾರಸು ಮಾಡಿದ್ದು ಯಾರು?"

ಸಾಹೇಬರು ಕೆಮ್ಮಿದರು. "ಆಗಿನ ಪದ್ಧತಿ ಬೇರೆ ಮೇಡಂ, ಎಲ್ಲಾ ಅಂಶಗಳನ್ನೂ ಪರಿಗಣಿಸಿ..." ಎಂದು ಅಡ್ಡಗೋಡೆಯ ಮೇಲೆ ದೀಪ ಇಡತೊಡಗಿದರು. ನನ್ನನ್ನು ಉಳಿಸಲು ನೋಡುತ್ತಿದ್ದರು, ಪಾಪ. ನಾನು ಎದ್ದು ನಿಂತೆ.

"ನಾನು ಮೇಡಂ. ತಪ್ಪು ನಂದು. ನಡೆಯೋರನ್ನ ನಾನು ಎಣಿಸ್ಲೇ ಇಲ್ಲ. ಎಣಿಸದೇನೇ ಯಾರೂ ಇಲ್ಲ ಅಂತ ಬರೆದೆ. ಆವತ್ತು ನಡೆಹಾದಿ ಬೇಡ ಅಂದೋನು ನಾನೇ. ಆಮೇಲೆ ಆ ಸೇತುವೆ ಮೇಲೆ ಬಿದ್ದು ಕಾಲು ಮುರ್ಕೊಂಡೋರು ಇದಾರೆ."

"ಯಾರು?"

ಉತ್ತರ ಹೇಳಲು ಸದಸ್ಯರ ಕಡೆ ತಿರುಗಿದವನಿಗೆ ಕೊನೆಯ ಬೆಂಚು ಕಂಡಿತು. ಊರುಗೋಲನ್ನು ಎರಡು ಕಾಲಿನ ನಡುವೆ ನೆಟ್ಟುಕೊಂಡು ಅಕ್ಕ ಕೂತಿದ್ದಳು. ನಗರಸಭೆ ಇರುವುದು ನಿಲ್ದಾಣದ ಬೀದಿಯಲ್ಲಿ, ಸೇತುವೆಯ ಆಚೆ. ಒಬ್ಬಳೇ ದಾಟಿ ಬಂದಿದ್ದಾಳೆ.

"ನಮ್ಮಕ್ಕ," ಎಂದೆ.

ಆಮೇಲೆ ನಡೆದದ್ದು ಅರ್ಧ ಮಾತ್ರ ಕಿವಿಗೆ ಬಿತ್ತು. ಷರತ್ತು ಪಾಸಾಯಿತು. ಹಣ ಈ ಸೇತುವೆ ಬಿಟ್ಟು ಆಚೀಚೆ ಹೋಗಬಾರದು ಎಂದು ಬಿಲ್ಡರನೇ ಬರೆಸಿದ. ನಡೆಹಾದಿಗೆ ಎಂಟು ತಿಂಗಳು ಬೇಕು. ಅಲ್ಲಿಯವರೆಗೆ ಸೇತುವೆಯ ಒಂದು ಬದಿಗೆ ಡ್ರಮ್ಮು ಇಟ್ಟು ಹಗ್ಗ ಕಟ್ಟಿ, ವಾಹನ ಸರದಿಯಲ್ಲಿ ಬಿಡಬೇಕು. ಮುಂದಿನ ಎಣಿಕೆಗೆ ಹೊಸ ನಮೂನೆ. ನನಗೊಂದು ನೋಟಿಸು.

ಹೊರಗೆ ಬಂದಾಗ ಅಕ್ಕ ಇರಲಿಲ್ಲ.

ಮಾರ್ಚ್ 8, ಶನಿವಾರ

ಮಾತಾಡುತ್ತಿಲ್ಲ. ಊಟ ಮಾತ್ರ ಎಂದಿನಂತೆ ಬಡಿಸಿದಳು.

ಮಾರ್ಚ್ 9, ಭಾನುವಾರ

ಒಬ್ಬಳೇ ನಡೆದು ಬಂದಳು. ಎಷ್ಟು ಹೆಜ್ಜೆ ಎಂದು ಹೇಳಲಿಲ್ಲ. ಸ್ಕೂಟರ್ ಸ್ಟಾರ್ಟ್ ಮಾಡಿ ನೋಡೋಣವೆಂದು ಹೋದರೆ ಬ್ಯಾಟರಿ ಸತ್ತಿದೆ. ಯಾವಾಗ ಸತ್ತಿತೋ.

ಮಾರ್ಚ್ 10, ಸೋಮವಾರ

ಸಂಜೆ ಹುರುಳಿಕಾಯಿ ಮುರಿಯುತ್ತಾ, ನನ್ನ ಕಡೆ ನೋಡದೆ ಶುರು ಮಾಡಿದಳು.

"ಆರು ವರ್ಷದ ಹಿಂದೆ ನೀನು ಆ ಮೂಲೆಲಿ ಎಣಿಸ್ತಾ ಕೂತಿದ್ದೆಯಲ್ಲ, ಮೂರು ದಿನ. ನಾನು ಮೂರು ದಿನಾನೂ ನಿನ್ನ ಬೆನ್ನ ಹಿಂದೇನೇ ಹೋದೆ. ಹೋಗ್ತಾ ಒಂದು ಸಲ, ಬರ್ತಾ ಒಂದು ಸಲ."

"ಕೂಗಬಾರದಿತ್ತಾ ಅಕ್ಕ?"

"ಕೂಗಿದ್ರೆ ನಿನ್ನ ಲೆಕ್ಕ ತಪ್ಪುತ್ತೆ ಅಂತ ಕೂಗ್ಲಿಲ್ಲ."

ನಾನು ಎದ್ದು ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದುಕೊಂಡೆ. ಐವತ್ತಾರು ವರ್ಷದವನು ಹುರುಳಿಕಾಯಿಯ ಮುಂದೆ ಅಳುವುದು ಚೆನ್ನಾಗಿರುವುದಿಲ್ಲ. ಒಳಗೆ ಬಂದಾಗ ಅವಳು ಇನ್ನೂ ಮುರಿಯುತ್ತಲೇ ಇದ್ದಳು.

"ನನಗೆ ಗುದ್ದಿದ್ದು ಹಾಲಿನ ವ್ಯಾನಿನೋನು. ಅವನ ಮೇಲಿನ ಕೋಪ ಅವನಿಗೆ. ನಿನ್ನ ಮೇಲೆ ನಿನ್ನ ಪಾಲು ಎಷ್ಟೋ ಅಷ್ಟು ಮಾತ್ರ ಇಟ್ಕೊಂಡಿದೀನಿ. ಅದು ಹೋಗೋಕೆ ದಿನ ಬೇಕು."

"ಎಷ್ಟು ದಿನ?"

"ಎಣಿಸ್ಬೇಡ," ಎಂದಳು. ಆಮೇಲೆ ಕಾಯಿಯ ಮೊರವನ್ನು ನನ್ನ ಕಡೆ ಅರ್ಧ ತಳ್ಳಿದಳು. ಇಬ್ಬರೂ ಮುರಿದೆವು.

ಮಾರ್ಚ್ 17, ಸೋಮವಾರ

ಹೊಸ ನಮೂನೆಯ ಮೊದಲ ಎಣಿಕೆ ಇವತ್ತೇ ಬಿತ್ತು. ಏಳಕ್ಕೆ ಮೊದಲೇ ಹೋಗಿ ಸೇತುವೆಗೆ ಮುಖ ಮಾಡಿ ಸ್ಟೂಲು ಹಾಕಿದೆ. ಸೇತುವೆಯ ಒಂದು ಬದಿಗೆ ಡ್ರಮ್ಮುಗಳ ಸಾಲು, ಹಗ್ಗ. ಡ್ರಮ್ಮು ಬಿಲ್ಡರ್ ಕಳಿಸಿದ್ದು, ಒಂದೊಂದರ ಮೇಲೂ ಅವನ ಕಂಪನಿಯ ಹೆಸರು ದೊಡ್ಡದಾಗಿ. ಬಿಟ್ಟಾನೆಯೇ! ಹಗ್ಗದ ಈಚೆ ಕನ್ನಡಕದ ಮುದುಕ ಎಲ್ಲೂ ಕೂರದೆ ದಾಟಿದ, ದಾಟಿ ಆ ತುದಿಯಲ್ಲಿ ನಿಂತು ಒಮ್ಮೆ ಹಿಂದಿರುಗಿ ನೋಡಿದ. ಏಪ್ರಿಲಿನ ಬಡ್ತಿ ಪಟ್ಟಿಯಲ್ಲಿ ನನ್ನ ಹೆಸರಿರುವುದಿಲ್ಲವೆಂದು ಸಾಹೇಬರು ಶನಿವಾರವೇ ಹೇಳಿದ್ದರು. ಬರೆಯಲು ಮರೆತಿದ್ದೆ.

ಏಳೂವರೆಗೆ ಅಕ್ಕ ಬಂದಳು. ಇಸ್ತ್ರಿಯಾದ ಸಮವಸ್ತ್ರ, ಊಟದ ಡಬ್ಬಿ, ಊರುಗೋಲು. ನಾನು ಜೊತೆಗೆ ಬರುತ್ತೇನೆಂದು ನಿನ್ನೆ ಹೇಳಿದ್ದಕ್ಕೆ, "ನೀನು ನಿನ್ನ ಕೆಲಸ ಮಾಡು" ಎಂದಿದ್ದಳು. ಸೇತುವೆಯ ಬಾಯಿಯಲ್ಲಿ ಅವಳು ನಿಂತಳು. ನನ್ನ ಕೈಯಲ್ಲಿ ಪೆನ್ಸಿಲ್ ನಿಂತಿತು. ಒಂದು ಲಾರಿ ಹೋಯಿತು, ಇನ್ನೊಂದು ಹೋಯಿತು. ಆಮೇಲೆ ಹಗ್ಗಕ್ಕೆ ಎಡಗೈ ಕೊಟ್ಟು ಹೆಜ್ಜೆ ಇಟ್ಟಳು. ನನ್ನ ಎದುರಿಗೆ ಬಂದಾಗ ಇಡೀ ರಸ್ತೆಗೆ ಕೇಳುವಂತೆ ಕೂಗಿದಳು.

"ಹಾಕ್ಕೊಂಡ್ಯಾ?"

"ಹಾಕ್ಕೊಂಡೆ ಅಕ್ಕ."

"ಸಂಜೆ ಬರೋವಾಗ ಇನ್ನೊಂದು ಹಾಕ್ಕೊ. ಬಿಟ್ಟುಬಿಟ್ಟೀಯ."

ನೋಡುತ್ತಲೇ ಇದ್ದೆ. ಎಣಿಸಲಿಲ್ಲ. ಎಣಿಸದಿದ್ದರೂ ಅರವತ್ತೆರಡೇ.

ಸಂಜೆಯ ಎಣಿಕೆ ಆರಕ್ಕೆ ಮುಗಿಯುತ್ತದೆ. ಸಹಿ ಹಾಕಿ ಹಲಗೆ ಕಟ್ಟಬೇಕು. ಔಷಧಿ ಅಂಗಡಿಯವನು, "ಟೈಮಾಯ್ತಲ್ಲ ಸಾರ್, ಇನ್ನೂ ಕೂತಿದೀರಿ?" ಎಂದ. ಇನ್ನೊಬ್ಬರು ಬರುವವರಿದ್ದಾರೆ ಎಂದೆ. ಆರು ಇಪ್ಪತ್ತಕ್ಕೆ ಆಚೆ ತುದಿಯಲ್ಲಿ ಊರುಗೋಲು ಕಂಡಿತು. ಅವಳು ಪೂರಾ ದಾಟಿ ಈಚೆ ಕಾಲಿಟ್ಟ ಮೇಲೆ ಗೆರೆ ಎಳೆದೆ.